ಹಳೇ ಬ್ಲ್ಯಾಕ್ ಅಂಡ್ ವೈಟ್ ಮಾನ್‌ಸ್ಟರ್ ಸಿನಿಮಾ ನೋಡಿದ್ರೆ ಈಗ ಭಯಾನೇ ಆಗಲ್ಲ, ಹಾಗಿದ್ಮೇಲೆ ಜನ ಅದರಲ್ಲಿ ಏನ್ ಎಂಜಾಯ್ ಮಾಡ್ತಾರೆ?

1931ರ ಡ್ರಾಕುಲಾ ಹಾಕ್ಕೊಂಡು ಕೂತೆ, ಅರ್ಧಕ್ಕೇ ನಿದ್ದೆ ಬಂತು ಅಂತ ಬರ್ದಿದೀರ. ನಂಗೇನೂ ಆಶ್ಚರ್ಯ ಆಗ್ಲಿಲ್ಲ, ಶುರು ಮಾಡೋಕೆ ಅದು ಸರಿಯಾದ ಸಿನಿಮಾನೇ ಅಲ್ಲ. ಮೊದಲ ಭಾಗ, ಆ ಪಾಳುಬಿದ್ದ ಕೋಟೆ, ಜೇಡರ ಬಲೆ, ಡ್ರಾಕುಲಾ ಆಗಿ ಮೆಟ್ಟಿಲ ಮೇಲೆ ನಿಂತ ಬೆಲಾ ಲುಗೋಸಿ, ಅಲ್ಲಿವರೆಗೂ ಅದ್ಭುತ. ಕಥೆ ಇಂಗ್ಲೆಂಡಿಗೆ ಬಂದ್ಮೇಲೆ ಮಾತು ಮಾತು ಮಾತು, ಅದು ಸ್ಟೇಜ್ ನಾಟಕದಿಂದ ಬಂದಿದ್ದು ಅಂತ ಗೊತ್ತಾಗ್ಬಿಡತ್ತೆ, ಹಿನ್ನೆಲೆ ಮ್ಯೂಸಿಕ್ಕೂ ಹೆಚ್ಚುಕಮ್ಮಿ ಇಲ್ಲ.

ಅದೇ ವರ್ಷ ಅದೇ ಯೂನಿವರ್ಸಲ್ ಸ್ಟುಡಿಯೋದಿಂದ ಬಂದ ಫ್ರಾಂಕನ್‌ಸ್ಟೈನ್ ನೋಡಿ. ಜೇಮ್ಸ್ ವೇಲ್ ಡೈರೆಕ್ಷನ್, ಒಂದೂಕಾಲು ಗಂಟೆಯೊಳಗೆ ಮುಗ್ದೋಗತ್ತೆ. ಆದ್ರೆ ಭಯ ಯಾವಾಗ ಆಗತ್ತೆ ಅಂತ ಕಾಯ್ಕೊಂಡು ಕೂರ್ಬೇಡಿ. ಇಷ್ಟು ವರ್ಷದಲ್ಲಿ ಭಯ ಸವೆದಿದೆ, ಒಪ್ತೀನಿ, ವಿಜ್ಞಾನಿಯೊಬ್ಬ ಹೆಣಗಳ ಭಾಗ ಜೋಡಿಸಿ ಜೀವ ಕೊಟ್ಟ ಆ ಮಾನ್‌ಸ್ಟರ್ ಮೇಲೆ ಹುಟ್ಟೋ ಕನಿಕರ ಮಾತ್ರ ಒಂಚೂರೂ ಸವೆದಿಲ್ಲ, ನಾನು ಈ ಸಿನಿಮಾಗಳನ್ನ ಮತ್ತೆ ಮತ್ತೆ ನೋಡೋದೇ ಅದಕ್ಕೆ.

ಆ ಮಾನ್‌ಸ್ಟರ್ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್‌ಗೆ ಅದರಲ್ಲಿ ಒಂದು ಡೈಲಾಗೂ ಇಲ್ಲ. ಶುರುವಿನ ಟೈಟಲ್ಲಲ್ಲಿ ಹೆಸರೂ ಇಲ್ಲ, ಆ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ನಮ್ಮ ಯಕ್ಷಗಾನದ ಬಣ್ಣದ ವೇಷದವರು ಚೌಕಿಯಲ್ಲಿ ಮುಖಕ್ಕೆ ಚಿಟ್ಟಿ ಇಡೋಕೆ ಕೂತ ಹಾಗೆ ಅವನೂ ಗಂಟೆಗಟ್ಲೆ ಕೂರ್ತಿದ್ದ, ಜ್ಯಾಕ್ ಪಿಯರ್ಸ್ ಅನ್ನೋ ಮೇಕಪ್ ಮ್ಯಾನ್ ಕಣ್ಣುರೆಪ್ಪೆಗೆ ಮೇಣ ಹಚ್ಚಿ ಭಾರ ಮಾಡಿದ, ಕಾರ್ಲಾಫ್ ತಾನೇ ಕಟ್ಟಿಸಿದ ಹಲ್ಲು ತೆಗೆದಿಟ್ಟು ಒಂದು ಕೆನ್ನೆ ಗುಳಿ ಬೀಳಿಸ್ಕೊಂಡ. ಇಷ್ಟೆಲ್ಲದರ ಒಳಗಿಂದ ಆ ಮನುಷ್ಯ ಕಣ್ಣು ಮತ್ತೆ ಕೈ ಎರಡರಲ್ಲೇ ಆಕ್ಟ್ ಮಾಡ್ತಾನೆ. ಒಂದು ಸೀನಲ್ಲಿ ಮೇಲಿನ ಗವಾಕ್ಷಿ ತೆಗೀತಾರೆ, ಕತ್ತಲಲ್ಲೇ ಇದ್ದವನ ಮೇಲೆ ಮೊದಲ ಸಲ ಬೆಳಕು ಬೀಳತ್ತೆ, ತಲೆ ಎತ್ತಿ ಎರಡೂ ಕೈ ಚಾಚಿ ಆ ಬೆಳಕನ್ನ ಹಿಡಿಯೋಕೆ ಹೋಗ್ತಾನೆ, ಅಷ್ಟರಲ್ಲಿ ಮುಚ್ಚಿಬಿಡ್ತಾರೆ. ಆಮೇಲೆ ಅವನ ಕೈ ನೋಡಿ, ಬೇಡೋ ಥರ ಹಾಗೇ ಇರತ್ತೆ.

ಕೆರೆ ದಡದ ಸೀನಂತೂ ಹೇಳ್ಲೇಬೇಕು. ಪುಟ್ಟ ಹುಡುಗಿ ಒಬ್ಬಳು ಹೆದರದೇ ಅವನ ಕೈಗೆ ಹೂ ಕೊಡ್ತಾಳೆ, ಇಬ್ರೂ ನೀರಿಗೆ ಹಾಕಿ ತೇಲೋದು ನೋಡ್ತಾರೆ, ಹೂ ಖಾಲಿಯಾಗತ್ತೆ, ಅವಳೂ ತೇಲ್ತಾಳೆ ಅಂದ್ಕೊಂಡು ಎತ್ತಿ ನೀರಿಗೆ ಹಾಕಿಬಿಡ್ತಾನೆ. ಸೆನ್ಸಾರ್‌ನೋರು ಹಾಕೋ ಭಾಗ ಕತ್ತರಿಸಿದ್ರು, ಅವನು ಕೈ ಚಾಚೋದಷ್ಟೇ ಉಳೀತು, ದಶಕಗಟ್ಲೆ ಜನ ಅವನು ಇನ್ನೇನೋ ಕೆಟ್ಟದ್ದು ಮಾಡಿದ ಅಂತ ತಿಳ್ಕೊಳ್ಳೋ ಹಾಗಾಯ್ತು. 1980ರ ದಶಕದಲ್ಲಿ ಅದನ್ನ ವಾಪಸ್ ಸೇರಿಸಿದ್ರು, ಈಗ ನಿಮಗೆ ಸಿಗೋದು ಪೂರ್ತಿದು. ಗೊತ್ತಿಲ್ದೇ ಮಾಡಿದ್ದಕ್ಕೆ ಅವನೇ ಗಾಬರಿಬಿದ್ದು ಓಡೋದು ನೋಡಿದ್ರೆ ಹೊಟ್ಟೇಲಿ ಸಂಕಟ ಆಗತ್ತೆ.

ಇದಾದ್ಮೇಲೆ 1935ರ ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್, ನನ್ನ ಪ್ರಕಾರ ಮೊದಲನೇದಕ್ಕಿಂತ ಒಂದು ಕೈ ಮೇಲೆ. ಕುರುಡು ಸನ್ಯಾಸಿಯೊಬ್ಬ ಪಿಟೀಲು ನುಡಿಸ್ತಿರ್ತಾನೆ, ಅವನಿಗೆ ಮಾನ್‌ಸ್ಟರ್ ಮುಖ ಕಾಣಲ್ವಲ್ಲ, ಹಾಗಾಗಿ ಮನೆಗೆ ಕರೆದು ಊಟ ಹಾಕಿ ಮಾತು ಕಲಿಸ್ತಾನೆ. ಹೆಚ್ಚು ಹೇಳಲ್ಲ, ನೀವೇ ನೋಡಿ.

ಕಲರ್ ಇಲ್ಲ ಅನ್ನೋದನ್ನ ಕೊರತೆ ಅಂದ್ಕೋಬೇಡಿ. 1931ರ ಡಾ. ಜೆಕಿಲ್ ಅಂಡ್ ಮಿಸ್ಟರ್ ಹೈಡ್‌ನಲ್ಲಿ ಒಳ್ಳೇ ಡಾಕ್ಟರು ಕ್ರೂರಿ ಹೈಡ್ ಆಗುವಾಗ ನಟ ಫ್ರೆಡ್ರಿಕ್ ಮಾರ್ಚ್ ಮುಖ ಕಟ್ ಇಲ್ದೇ ನಮ್ಮ ಕಣ್ಣೆದುರೇ ಬದಲಾಗತ್ತೆ. ಬಣ್ಣದ ಮೇಕಪ್ ಬಳಿದು ಲೆನ್ಸ್ ಮುಂದೆ ಬಣ್ಣದ ಫಿಲ್ಟರ್ ಇಟ್ಟಿದ್ರು, ಫಿಲ್ಟರ್ ಸರಿಸ್ತಾ ಹೋದ ಹಾಗೆ ಅಡಗಿದ್ದ ಗೆರೆ ಎಲ್ಲ ಕಪ್ಪಾಗಿ ಎದ್ದು ಬರತ್ತೆ. ಕಲರ್ ಫಿಲ್ಮಲ್ಲಿ ಈ ಉಪಾಯ ನಡಿಯೋದೇ ಇಲ್ಲ. ಹಾಗಾಗಿ ರಾತ್ರಿ ಲೈಟ್ ಆರಿಸಿ ನೋಡಿ, ಹಗಲಲ್ಲಿ ಸ್ಕ್ರೀನ್ ಮೇಲೆ ಕಿಟಕಿ ಬೆಳಕು ಬಿದ್ರೆ ಕಪ್ಪೆಲ್ಲ ಬೂದಿ ಬಣ್ಣ ಆಗ್ಬಿಡತ್ತೆ, ಮತ್ತೆ ಆಮೇಲೆ ಯಾರೋ ಕಲರ್ ತುಂಬಿದ ಕಾಪಿ ಸಿಕ್ರೆ ದಯವಿಟ್ಟು ಮುಟ್ಬೇಡಿ.

1933ರ ಕಿಂಗ್ ಕಾಂಗ್ ನೋಡುವಾಗ ಆ ದೈತ್ಯ ಗೊರಿಲ್ಲಾದ ಮೈ ಕೂದಲು ಗಮನಿಸಿ, ಸುಮ್ಸುಮ್ನೆ ಅಲುಗ್ತಾ ಇರತ್ತೆ. ವಿಲ್ಲಿಸ್ ಒಬ್ರಯನ್ ತಂಡ ಸಣ್ಣ ಗೊಂಬೇನ ಫ್ರೇಮ್ ಫ್ರೇಮಿಗೂ ಕೈಯಲ್ಲಿ ಸರಿಸಿ ಶೂಟ್ ಮಾಡಿದ್ದು, ಆ ಬೆರಳಿನ ಗುರುತು ಅದು. ನಂಗೆ ಅದು ತುಂಬಾ ಇಷ್ಟ.

ಕೊನೇಗೆ 1954ರ ಗೊಡ್ಜಿಲ್ಲಾ, ಇಶಿರೋ ಹೋಂಡಾ ಅವರದು, ಬಾಂಬ್ ಟೆಸ್ಟಿನಿಂದ ಎದ್ದು ಬಂದ ದೈತ್ಯ ಪ್ರಾಣಿಯ ಕಥೆ. ಹಿರೋಷಿಮಾ ಆಗಿ ಬರೀ ಒಂಬತ್ತು ವರ್ಷ, ಅದೇ ವರ್ಷ ಮಾರ್ಚಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬ್ ಟೆಸ್ಟಿನ ಬೂದಿ ಜಪಾನಿನ ಮೀನುಗಾರರ ದೋಣಿ ಮೇಲೆ ಬಿದ್ದಿತ್ತು. ಟೋಕಿಯೋ ಉರೀತಿರುವಾಗ ಒಬ್ಬ ತಾಯಿ ಮಕ್ಕಳನ್ನ ತಬ್ಕೊಂಡು ಇನ್ನೇನು ಅಪ್ಪನ ಹತ್ರ ಹೋಗ್ತೀವಿ ಅಂತಾಳೆ. 1956ರಲ್ಲಿ ಅಮೆರಿಕದೋರು ನಟ ರೇಮಂಡ್ ಬರ್‌ನ ತುರುಕಿ, ಬಾಂಬಿನ ಮಾತು ಎಷ್ಟೋ ಕಡೆ ತೆಗೆದು ಬೇರೆ ವರ್ಷನ್ ಮಾಡಿದ್ರು, ಅದು ಬೇಡ. ಜಪಾನೀ ಭಾಷೆದೇ ಹುಡುಕಿ, ಸಬ್‌ಟೈಟಲ್ ಹಾಕ್ಕೊಂಡು ನೋಡಿ.