ಡೇಟ್ ಹತ್ತಿರ ಬಂದಾಗಷ್ಟೇ ನುಂಗುತ್ತಿದ್ದ ಎಣ್ಣೆ ಗುಳಿಗೆ

34 ವರ್ಷದ ಶಿಕ್ಷಕಿ, ಎರಡು ಮಕ್ಕಳ ತಾಯಿ, ನಮ್ಮಲ್ಲಿಗೆ ಸಲಹೆಗೆ ಬಂದಿದ್ದರು. (ಗುರುತಿನ ವಿವರ ಬದಲಿಸಿದೆ.) "ಡೇಟ್ ಹತ್ರ ಬಂತು ಅಂದ್ರೆ ಎದೆ ಕಲ್ಲಾಗುತ್ತೆ ಮೇಡಂ, ಮಕ್ಕಳ ಮೇಲೆ ಸುಮ್ಮಸುಮ್ನೆ ರೇಗ್ತೀನಿ" ಎಂದರು. ಓರಗಿತ್ತಿಯ ಮಾತು ಕೇಳಿ ಈವ್ನಿಂಗ್ ಪ್ರಿಮ್‌ರೋಸ್ ಎಂಬ ಹೂಗಿಡದ ಬೀಜದ ಎಣ್ಣೆಯ 1000 ಮಿ.ಗ್ರಾಂ. ಗುಳಿಗೆ ತರಿಸಿದ್ದರು. ಮುಟ್ಟಿಗೆ ಐದು ದಿನ ಮುಂಚೆ ಶುರು, ಮುಟ್ಟಾದ ಮಾರನೇ ದಿನ ಬಂದ್. ಅದೂ ಖಾಲಿ ಹೊಟ್ಟೆಗೆ, ಕಾಫಿಯ ಜೊತೆ, ಹಾಗಾಗಿ ವಾಕರಿಕೆ.

"ಆದ್ರೂ ಕೆಲಸ ಮಾಡುತ್ತೆ" ಎಂಬುದು ಅವರ ನಂಬಿಕೆ. ಮುಟ್ಟಾದ ಒಂದೆರಡು ದಿನಕ್ಕೆ ಈ ತೊಂದರೆ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಗುಳಿಗೆಗೆ.

ಮೊದಲು ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಎದೆನೋವು (ಸ್ತನದ ನೋವು), ಸಿಟ್ಟು, ನಿದ್ದೆಗೆ ದಿನವೂ 0ರಿಂದ 3ರವರೆಗೆ ಅಂಕ ಬರೆಸಿದೆವು. ಮುಟ್ಟಾದ ದಿನದಿಂದ ಎಣಿಸಿ 21ನೇ ದಿನದಿಂದ ಅಂಕ ಏರಿ, ಮುಟ್ಟಿನ ಎರಡನೇ ದಿನಕ್ಕೆ ಸೊನ್ನೆ. ಮುಟ್ಟು ನಿಂತ ನಂತರದ ವಾರವೂ ಸೊನ್ನೆ ಬಾರದಿದ್ದರೆ ಖಿನ್ನತೆ, ಥೈರಾಯ್ಡ್, ರಕ್ತಹೀನತೆ ನೋಡಿಸಬೇಕಿತ್ತು.

ಎಣ್ಣೆಯ ಬಗ್ಗೆ ಇದ್ದದ್ದು ಇದ್ದಂತೆ ಹೇಳಿದೆವು. ಅದರಲ್ಲಿರುವ ಗ್ಯಾಮಾ ಲಿನೋಲೆನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಸುಮಾರು ಶೇ. 9, ಅಂದರೆ ಒಂದು ಗುಳಿಗೆಯಲ್ಲಿ 90 ಮಿ.ಗ್ರಾಂ. ಮುಟ್ಟಿನ ಮುಂಚಿನ ತೊಂದರೆಗೆ ಅದು ಔಷಧವೇ ಇಲ್ಲದ ಹುಸಿಗುಳಿಗೆಗಿಂತ ಮೇಲು ಎಂದು ಗಟ್ಟಿಯಾಗಿ ಸಾಬೀತಾಗಿಲ್ಲ. ಬ್ರಿಟನ್ನಿನಲ್ಲಿ ಸ್ತನದ ನೋವಿಗೆಂದು ಇದಕ್ಕಿದ್ದ ಔಷಧ ಪರವಾನಗಿ ಪುರಾವೆ ಸಾಲದೆ 2002ರಲ್ಲಿ ರದ್ದಾಯಿತು. ಅದೇ ದುಡ್ಡು ಕ್ಯಾಲ್ಸಿಯಂಗೆ ಹಾಕುವುದು ಲೇಸು: ಅಮೆರಿಕದ 1998ರ ಪ್ರಯೋಗದಲ್ಲಿ ದಿನಕ್ಕೆ 1200 ಮಿ.ಗ್ರಾಂ. ತೆಗೆದುಕೊಂಡವರ ತೊಂದರೆ ಮೂರನೇ ಮುಟ್ಟಿನ ಚಕ್ರದ ಹೊತ್ತಿಗೆ ಶೇ. 48 ಇಳಿದಿತ್ತು. ಹುಸಿಗುಳಿಗೆ ನುಂಗಿದವರದ್ದೂ ಶೇ. 30 ಇಳಿದಿತ್ತು ಎಂಬುದನ್ನು ಮರೆಯಬಾರದು.

ಡಬ್ಬಿಯ ಮೇಲೆ "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ." ಎಂದಿದ್ದರೆ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಅವರ ಊಟದಲ್ಲಿ ರಾಗಿಮುದ್ದೆ, ಮಜ್ಜಿಗೆ ಇದ್ದೇ ಇತ್ತು. ಹಾಗಾಗಿ ಮಧ್ಯಾಹ್ನ ಊಟದ ಜೊತೆ ಒಂದೇ ಮಾತ್ರೆ ಸಾಕೆಂದೆವು. ಕಬ್ಬಿಣದ ಮಾತ್ರೆ ಇದ್ದರೆ ಅದು ರಾತ್ರಿಗೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತದು. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

"ತಂದಿಟ್ಟ ಎಣ್ಣೆ ಏನ್ಮಾಡ್ಲಿ?" ಎಂದರು. ಅಪಸ್ಮಾರ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಮುಂದಿರುವ ಶಸ್ತ್ರಚಿಕಿತ್ಸೆ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಬೇಕೆಂದರೆ ತಿಂಗಳಿಡೀ ದಿನವೂ ಊಟದ ನಂತರ ಒಂದು, ಎಂದೆವು. ಆದರೆ ಎರಡನ್ನೂ ಒಮ್ಮೆಲೇ ಶುರುಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು; ಮೊದಲ ಮೂರು ಚಕ್ರ ಕ್ಯಾಲ್ಸಿಯಂ ಮಾತ್ರ. ಆ ದಿನಗಳಲ್ಲಿ ಸಾಯುವ ಯೋಚನೆ ಸುಳಿದರೆ ಇದ್ಯಾವುದಕ್ಕೂ ಕಾಯದೆ ಅಂದೇ ಮನೋವೈದ್ಯರ ಬಳಿ ಹೋಗಬೇಕೆಂದು ಅವರ ಯಜಮಾನರಿಗೂ ಹೇಳಿ ಕಳಿಸಿದೆವು.