ಕೆಎಲ್ 14 ಎಂದು ಬರೆದವರೂ ಕನ್ನಡದವರೇ

ಕನ್ನಡದಲ್ಲಿ ಆನ್‌ಲೈನ್ ಫಾರ್ಮ್ ಮಾಡುವ ನೀವು, ಕಾಸರಗೋಡಿನಿಂದ ಅರ್ಜಿ ಹಾಕುವವರ ಆಧಾರ್, ಪ್ಯಾನ್‌ನಂಥ ನಂಬರುಗಳೇ ಯಾಕೆ ಇಷ್ಟು ಸಲ ‘ಅಮಾನ್ಯ’ ಆಗುತ್ತವೆ, ಅವರು ಕಾರ್ಡು ನೋಡಿ ಬರೆಯುವುದಿಲ್ಲವೇ ಎಂದು ಕೇಳಿದಿರಿ. ನೋಡಿಯೇ ಬರೆಯುತ್ತಾರೆ ಮಾರಾಯ್ರೆ. ಪೆರ್ಲದ ಕಡೆಯ ಹುಡುಗಿಯೊಬ್ಬಳು ಮಂಗಳೂರಿನ ಕಾಲೇಜೊಂದಕ್ಕೆ ಅರ್ಜಿ ತುಂಬುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಆಧಾರ್ ನಂಬರನ್ನು ಕಾರ್ಡಿನಲ್ಲಿ ಇದ್ದ ಹಾಗೆಯೇ ನಾಲ್ಕು ನಾಲ್ಕು ಅಂಕೆಗೆ ಜಾಗ ಬಿಟ್ಟು ಬರೆದಳು. ಎರಡು ಖಾಲಿ ಜಾಗ ಸೇರಿ ಅದು 14 ಆಗುತ್ತದೆ, ಫಾರ್ಮಿನ ಪೆಟ್ಟಿಗೆ ಹಿಡಿಯುವುದು 12. ಕೊನೆಯ ಎರಡು ಅಂಕೆ ಸದ್ದಿಲ್ಲದೆ ಹೊರಗೆ ಉಳಿದವು. ಕೆಂಪು ಅಕ್ಷರದಲ್ಲಿ ‘ಅಮಾನ್ಯ’ ಎಂದು ಬಂತು. ಮೂರು ಸಲ ಬರೆದಳು, ಮೂರು ಸಲವೂ ಅದೇ.

ಅದನ್ನು ಸರಿಮಾಡಿದ ಮೇಲೆ ಬಂದದ್ದು ಗಡಿಯ ತೊಂದರೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಮನೆಮಾತು ಕನ್ನಡ, ತುಳು, ಕಾಗದಪತ್ರ ಕೇರಳದ್ದು, ದೊಡ್ಡ ಆಸ್ಪತ್ರೆ, ಕಾಲೇಜು ಅಂದರೆ ಹೆಚ್ಚಿನವರು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು. ಕನ್ನಡದಲ್ಲಿ ಅರ್ಜಿ ತುಂಬುವವನು ಕರ್ನಾಟಕದವನೇ ಇರಬೇಕೆಂದು ಫಾರ್ಮ್ ಮಾಡಿದವರು ಮೊದಲೇ ತೀರ್ಮಾನಿಸಿರುತ್ತಾರೆ. ಪಿನ್ ಕೋಡ್ 56ರಿಂದ 59ರ ಒಳಗೆ ಶುರುವಾಗಬೇಕು ಅನ್ನುತ್ತದೆ, ನಮ್ಮದು 671. ಡ್ರೈವಿಂಗ್ ಲೈಸೆನ್ಸಿಗೆ ‘ಕೆಎ’ ಬೇಕು ಅನ್ನುತ್ತದೆ. ನಮ್ಮದು ಕೆಎಲ್ 14, ಕೇರಳದ ಕಾಸರಗೋಡಿನ ಗುರುತು. ಆ ಲೈಸೆನ್ಸಿನಲ್ಲಿ ದೇಶದಲ್ಲಿ ಎಲ್ಲಿ ಬೇಕಾದರೂ ಗಾಡಿ ಓಡಿಸಬಹುದು, ಆ ಪೆಟ್ಟಿಗೆಯೊಳಗೆ ಮಾತ್ರ ಅದಕ್ಕೆ ಪ್ರವೇಶ ಇಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ನಮ್ಮ ಭಾಷೆಯ ಫಾರ್ಮೇ ನಮ್ಮನ್ನು ಹೊರಗಿನವರು ಅಂದ ಹಾಗೆ ಆಗುತ್ತದೆ.

ಆಧಾರ್ ನಂಬರಿನಲ್ಲಿ ರಾಜ್ಯದ ಗುರುತೇ ಇಲ್ಲ. ಅದರಲ್ಲಿ ನೋಡಬೇಕಾದ್ದು ಬೇರೆ: 12 ಅಂಕೆ, ಮೊದಲನೆಯದು 0 ಅಥವಾ 1 ಅಲ್ಲ, ಕೊನೆಯದು ಉಳಿದ 11ರಿಂದ ಲೆಕ್ಕ ಹಾಕಿ ಬಂದ ತಾಳೆ ಅಂಕೆ. ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಕೊಟ್ಟ ಲೆಕ್ಕ ಅದು. ಒಂದು ಅಂಕೆ ತಪ್ಪಿದರೂ, 47 ಬರೆಯುವಲ್ಲಿ 74 ಆದರೂ ತಪ್ಪದೆ ಹಿಡಿಯುತ್ತದೆ. ಜನ ಮಾಡುವ ತಪ್ಪು ಹೆಚ್ಚಾಗಿ ಇವೇ ಎರಡು, ಹಾಗಾಗಿ ಈ ಪರೀಕ್ಷೆಯನ್ನು ಧಾರಾಳವಾಗಿ ಇಡಿ. ಅದಕ್ಕಿಂತ ಮೊದಲು ಖಾಲಿ ಜಾಗ, ಅಡ್ಡಗೆರೆ ತೆಗೆದುಬಿಡಿ. ಫೋನಿನ ಕನ್ನಡ ಕೀಲಿಮಣೆಯಿಂದ ೪೭ ಎಂದು ಬಂದರೆ ಅದನ್ನು 47 ಮಾಡಿಕೊಳ್ಳಿ. ಲೆಕ್ಕ ತಾಳೆಯಾಯಿತು ಅಂದಮಾತ್ರಕ್ಕೆ ಅಂಥ ಕಾರ್ಡು ಉಂಟು, ಅದು ಬರೆದವರದ್ದೇ ಅಂತ ಆಗುವುದಿಲ್ಲ. ಅದನ್ನು ಆಧಾರ್ ಕೊಡುವ ಪ್ರಾಧಿಕಾರದ ದಾಖಲೆಯೇ ಹೇಳಬೇಕು.

ಪ್ಯಾನ್ ವಿಷಯದಲ್ಲಿ ಅತಿಬುದ್ಧಿ ಬೇಡ. ಐದು ಅಕ್ಷರ, ನಾಲ್ಕು ಅಂಕೆ, ಒಂದು ಅಕ್ಷರ. ವ್ಯಕ್ತಿಯದಾದರೆ ನಾಲ್ಕನೆಯದು ‘ಪಿ’. ಅಲ್ಲಿಗೆ ನಿಲ್ಲಿಸಿ. ಐದನೆಯದು ಉಪನಾಮದ ಮೊದಲ ಅಕ್ಷರ ಎಂದು ತಿಳಿದವರು ಹೆಸರಿನ ಕೊನೆಯ ಪದಕ್ಕೆ ಅದನ್ನು ಹೋಲಿಸಲು ಹೋಗುತ್ತಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ಉಪನಾಮವೇ ಇಲ್ಲ, ಇನಿಶಿಯಲ್ ಮಾತ್ರ. ‘ನಾರಾಯಣ ಕೆ’ ಎಂಬವರ ಪ್ಯಾನಿನಲ್ಲಿ ಐದನೆಯದು ‘ಎನ್’ ಇರಬಹುದು, ಫಾರ್ಮ್ ‘ಕೆ’ ಹುಡುಕುತ್ತದೆ.

ಹೆಸರಿನ ಮಾತು ಬಂತಲ್ಲ, ಇನ್ನೊಂದು ಹೇಳುತ್ತೇನೆ. ‘ಆಧಾರಿನಲ್ಲಿ ಇರುವಂತೆ ಕನ್ನಡದಲ್ಲಿ ಹೆಸರು’ ಎಂದು ಕೇಳಬೇಡಿ. ನಮ್ಮಲ್ಲಿ ಹೆಚ್ಚಿನವರ ಕಾರ್ಡಿನಲ್ಲಿ ಇರುವುದು ಮಲಯಾಳ ಮತ್ತು ಇಂಗ್ಲಿಷ್. ಬರೆದುಕೊಂಡವರ ಕೈಯಲ್ಲಿ ನಾರಾಯಣ ‘ನಾರಾಯಣನ್’ ಆದದ್ದೂ ಉಂಟು. ಒಂದಕ್ಷರ ಹೆಚ್ಚುಕಮ್ಮಿ ಆದರೆ ಅರ್ಜಿ ತಡೆಯಬೇಡಿ, ಮನುಷ್ಯರೊಬ್ಬರು ನೋಡಲಿ ಎಂದು ಗುರುತು ಹಾಕಿ ಮುಂದೆ ಬಿಡಿ.

ಬರೀ ‘ಅಮಾನ್ಯ’ ಎಂಬ ಮಾತನ್ನು ದಯವಿಟ್ಟು ತೆಗೆಯಿರಿ. ಆ ಹುಡುಗಿ ಅದನ್ನು ಓದಿ ತನ್ನ ಕಾರ್ಡೇ ಸರಿಯಿಲ್ಲ ಅಂದುಕೊಂಡಿದ್ದಳು, ಬೇರೆ ಮಾಡಿಸಲು ಅಕ್ಷಯ ಕೇಂದ್ರಕ್ಕೆ (ಕೇರಳದಲ್ಲಿ ಸರಕಾರಿ ಆನ್‌ಲೈನ್ ಸೇವೆ ಕೊಡುವ ಕೇಂದ್ರ) ಹೊರಟು ಚಪ್ಪಲಿ ಹಾಕಿಯೂ ಆಗಿತ್ತು. ‘12 ಅಂಕೆ ಬೇಕು, ಇಲ್ಲಿ 10 ಇದೆ’ ಎಂದು ಅಲ್ಲಿ ಬರೆದಿದ್ದರೆ ಅವಳೇ ಸರಿಮಾಡುತ್ತಿದ್ದಳು.