ಸಾಲ ಮಾಡಿ ದಿಲ್ಲಿಗೆ ಹೋಗ್ಬೇಕಾ, ಮನೆಯಲ್ಲೇ ಕೂತು ಬರೀಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಸುಮಾರು ಸಿವಿಲ್ ಸರ್ವಿಸ್ ಪರೀಕ್ಷೆಯದ್ದೇ, ಅದ್ರಲ್ಲಿ ನಾಲ್ಕು ತಗೊಂಡಿದ್ದೇನೆ. ಮೊದಲನೇದಕ್ಕೆ ಉತ್ತರ ಉದ್ದ ಆಗಿದೆ, ಯಾಕಂದ್ರೆ ಅದನ್ನೇ ಬೇರೆ ಬೇರೆ ರೀತಿ ಇನ್ನೂ ಕೆಲವರು ಕೇಳಿದ್ದಾರೆ.

ಪ್ರಶ್ನೆ: ಮೇಡಂ, ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಕುಂದಾಪುರದಲ್ಲಿ ಬಿಕಾಂ. ಅಪ್ಪ ಬೋಟಿಗೆ ಹೋಗ್ತಾರೆ. ಯುಪಿಎಸ್‌ಸಿಯ ಸಿವಿಲ್ ಸರ್ವಿಸ್ ಪರೀಕ್ಷೆ ಬರೀಬೇಕು ಅಂತ ತುಂಬಾ ಆಸೆ ಉಂಟು. ದಿಲ್ಲಿಗೆ ಹೋಗಿ ಕೋಚಿಂಗ್ ತಗೊಳ್ಳದಿದ್ರೆ ಆಗುದಿಲ್ಲ ಅಂತ ಎಲ್ಲರೂ ಹೇಳ್ತಾರೆ, ಅಪ್ಪ ಸಾಲ ಮಾಡಿಯಾದ್ರೂ ಕಳಿಸ್ತೇನೆ ಅಂತಿದ್ದಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡದಲ್ಲಿ ಬರೆದ್ರೆ ಮಾರ್ಕ್ಸ್ ಸಿಗ್ತದಾ?
- ಓದುಗಿ, ಗಂಗೊಳ್ಳಿ

ಉತ್ತರ: ತಂಗಿ, ಸಾಲ ಈಗ ಬೇಡ ಅಂತ ಅಪ್ಪನಿಗೆ ಇವತ್ತೇ ಹೇಳು. ದಿಲ್ಲಿ ಯಾವತ್ತೂ ಬೇಡ ಅಂತ ನಾನು ಹೇಳುದಲ್ಲ, ಆದ್ರೆ ಅಲ್ಲಿಗೆ ಹೋಗುವ ಮೊದಲು ಇಲ್ಲೇ ಕೂತು ಮಾಡ್ಲಿಕ್ಕೆ ಒಂದು ವರ್ಷದ ಕೆಲಸ ಉಂಟು, ಅದನ್ನು ಮಾಡದೆ ಹೋದವರು ಸಣ್ಣ ರೂಮಿಗೆ ಬಾಡಿಗೆ ಕಟ್ಟಿ, ಕ್ಲಾಸಿನ ನೋಟ್ಸ್ ರಾಶಿ ಹಾಕ್ಕೊಂಡು ವಾಪಸ್ ಬಂದದ್ದನ್ನು ನಾನು ನೋಡಿದ್ದೇನೆ, ಮತ್ತೆ ಅವರ ಉತ್ತರ ತಿದ್ಲಿಕ್ಕೆ ಕೂತ್ರೆ ಮೊದಲ ಪ್ಯಾರಾದಲ್ಲೇ ಗೊತ್ತಾಗ್ತದೆ, ಓದಿದ್ದು ಬೇಕಾದಷ್ಟುಂಟು, ಕೈಯಲ್ಲಿ ಬರೆದು ಅಭ್ಯಾಸ ಇಲ್ಲ.

ಈ ಪರೀಕ್ಷೆಗೆ ಮೂರು ಹಂತ, ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಿಲಿಮ್ಸ್, ಕೈಯಲ್ಲಿ ಉತ್ತರ ಬರೆಯುವ ಮೇನ್ಸ್, ಆಮೇಲೆ ಇಂಟರ್‌ವ್ಯೂ. ಮೇನ್ಸ್ ಅಂದ್ರೆ ಎಂತ ಅಂತ ಒಂದ್ಸಲ ಲೆಕ್ಕ ಹಾಕಿ ನೋಡು. ಜನರಲ್ ಸ್ಟಡೀಸ್‌ನ ಮೊದಲ ಮೂರು ಪೇಪರಿನಲ್ಲಿ ಒಂದೊಂದಕ್ಕೂ 250 ಮಾರ್ಕ್ಸು, 3 ಗಂಟೆ, 20 ಪ್ರಶ್ನೆ. ಹತ್ತು ಪ್ರಶ್ನೆಗೆ 150 ಪದ, ಇನ್ನು ಹತ್ತಕ್ಕೆ 250 ಪದ. ಅಂದ್ರೆ ಒಂದು ಪ್ರಶ್ನೆಗೆ ಸರಾಸರಿ 9 ನಿಮಿಷ, ಅದ್ರಲ್ಲೇ ಪ್ರಶ್ನೆ ಓದ್ಬೇಕು, ಯೋಚನೆ ಮಾಡ್ಬೇಕು, ಬರೀಬೇಕು. ಹಾಗೆ ಬೆಳಿಗ್ಗೆ ಒಂದು ಪೇಪರ್, ಮಧ್ಯಾಹ್ನ ಇನ್ನೊಂದು. ನನ್ನ ಮೊದಲ ಮೇನ್ಸ್‌ನಲ್ಲಿ ಒಂದು ಪೇಪರಿನ ಕೊನೆಯ 4 ಪ್ರಶ್ನೆ ಮುಟ್ಲಿಕ್ಕೇ ಆಗ್ಲಿಲ್ಲ, ನಾಲ್ಕೂ ಗೊತ್ತಿದ್ದದ್ದೇ, ಬೆಲ್ ಹೊಡೆಯಿತು. ಹೊರಗೆ ಬಂದು ಕಾರಿಡಾರಿನ ಗೋಡೆಗೆ ಒರಗಿ ಅತ್ತದ್ದು ಈಗಲೂ ನೆನಪುಂಟು. ಆ ನಾಲ್ಕು ಪ್ರಶ್ನೆಯನ್ನು ಯಾವ ಕೋಚಿಂಗ್‌ನವರೂ ನನಗೋಸ್ಕರ ಬರೀಲಿಕ್ಕೆ ಇರ್ಲಿಲ್ಲ, ನನ್ನ ಕೈಯೇ ಬರೀಬೇಕಿತ್ತು.

ಇನ್ನು ಭಾಷೆಯ ವಿಷಯ. ಸಂವಿಧಾನದ 8ನೇ ಪರಿಚ್ಛೇದದಲ್ಲಿರುವ 22 ಭಾಷೆಗಳಲ್ಲಿ ಯಾವುದರಲ್ಲಾದ್ರೂ ಮೇನ್ಸ್ ಬರೀಬಹುದು, ಕನ್ನಡ ಅದ್ರಲ್ಲುಂಟು (ತುಳು ಇನ್ನೂ ಇಲ್ಲ, ಅದೊಂದು ಬೇರೆಯೇ ನೋವು). ಇಂಟರ್‌ವ್ಯೂ ಕೂಡ ಕನ್ನಡದಲ್ಲಿ ಕೊಡ್ಬಹುದು. ಆದ್ರೆ ಒಂದು ವಿಷಯ ನಿನಗೆ ಯಾರೂ ಸರಿಯಾಗಿ ಹೇಳಿರುದಿಲ್ಲ, ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಬರುದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ, ಮೇನ್ಸ್‌ನ ಜನರಲ್ ಸ್ಟಡೀಸ್ ಪ್ರಶ್ನೆಯೂ ಹಾಗೆಯೇ, ಪ್ರಶ್ನೆ ಇಂಗ್ಲಿಷ್‌ನಲ್ಲಿ ಓದಿ ಉತ್ತರ ಕನ್ನಡದಲ್ಲಿ ಬರೀಬೇಕು. ಮತ್ತೆ 300 ಮಾರ್ಕ್ಸಿನ ಇಂಗ್ಲಿಷ್ ಪೇಪರ್ ಒಂದು, 300ರ ಭಾರತೀಯ ಭಾಷೆಯ ಪೇಪರ್ (ನಿನಗೆ ಕನ್ನಡ) ಒಂದು ನಮ್ಮ ಕಡೆಯವರಿಗೆಲ್ಲ ಉಂಟು, ಎರಡರಲ್ಲೂ 25 ಪರ್ಸೆಂಟ್ ಅಂದ್ರೆ 75 ಬರ್ಲೇಬೇಕು. ಅದು ರ‍್ಯಾಂಕಿಗೆ ಸೇರುದಿಲ್ಲ, ಆದ್ರೆ ಬಾರದಿದ್ರೆ ಉಳಿದ ಪೇಪರ್ ನೋಡುದೇ ಇಲ್ಲ. ಹಾಗಾಗಿ ಕನ್ನಡದಲ್ಲಿ ಬರೀತೇನೆ ಅಂತ ಇಂಗ್ಲಿಷ್ ಬಿಟ್ಟುಬಿಡ್ಲಿಕ್ಕೆ ಆಗುದಿಲ್ಲ. ಇಂಗ್ಲಿಷ್ ಪೇಪರಿನ ಸಂಪಾದಕೀಯ ದಿನಕ್ಕೊಂದು ಜೋರಾಗಿ ಓದು, ಅರ್ಥ ಆಗದ ಪದ ಬರೆದಿಡು, ಆರು ತಿಂಗಳಲ್ಲಿ ನಿನಗೇ ವ್ಯತ್ಯಾಸ ಗೊತ್ತಾಗ್ತದೆ. ನಿನಗೆ ಬೇಕಾದದ್ದು ಓದಿ ಅರ್ಥ ಮಾಡ್ಕೊಳ್ಳುವಷ್ಟು ಇಂಗ್ಲಿಷ್, ಮಾತಾಡಿ ಮೆಚ್ಚಿಸುವಷ್ಟಲ್ಲ.

ಮಾರ್ಕ್ಸ್ ಸಿಗ್ತದಾ ಅಂದ್ರೆ, ಕನ್ನಡದಲ್ಲಿ ಯೋಚನೆ ಮಾಡಿ ಕನ್ನಡದಲ್ಲಿ ಬರೆದ್ರೆ ಸಿಗ್ತದೆ. ನನ್ನ ಹತ್ರ ಬರುವ ಉತ್ತರಗಳಲ್ಲಿ ಸೋಲುದು ಇಂಗ್ಲಿಷ್ ನೋಟ್ಸನ್ನು ಪದಕ್ಕೆ ಪದ ಕನ್ನಡ ಮಾಡಿದ್ದು, ಬರೆದವರಿಗೇ ಅದನ್ನು ಇನ್ನೊಂದ್ಸಲ ಓದಿದ್ರೆ ಅರ್ಥ ಆಗುದಿಲ್ಲ. ಅದಕ್ಕೆ ಮೊದಲು ನಮ್ಮ ರಾಜ್ಯದ 8ರಿಂದ 12ನೇ ಕ್ಲಾಸಿನ ಕನ್ನಡ ಪುಸ್ತಕಗಳನ್ನು ಓದು, ವಿತ್ತೀಯ ಕೊರತೆ, ಅಂತರ್ಜಲ, ನ್ಯಾಯಾಂಗ ಪರಿಶೀಲನೆ ಇಂಥ ಪದಗಳು ಬಾಯಿಗೆ ಬರ್ತವೆ, ಆಮೇಲೆ ಎನ್‌ಸಿಇಆರ್‌ಟಿಯ (ಕೇಂದ್ರದ) ಪಠ್ಯಪುಸ್ತಕ. 'ಯೋಜನಾ' ಪತ್ರಿಕೆ ಕನ್ನಡದಲ್ಲೂ ಬರ್ತದೆ, ಬಿಡ್ಬೇಡ. ತಾಂತ್ರಿಕ ಪದ ಬಂದಾಗ ಕನ್ನಡ ಪದದ ಪಕ್ಕ ಬ್ರಾಕೆಟಿನಲ್ಲಿ ಇಂಗ್ಲಿಷ್ ಪದ ಬರೀಲಿಕ್ಕೆ ಯುಪಿಎಸ್‌ಸಿಯೇ ಅವಕಾಶ ಕೊಟ್ಟಿದೆ. ಆಪ್ಷನಲ್‌ಗೆ, ಅಂದ್ರೆ ಮೇನ್ಸ್‌ನಲ್ಲಿ ನಾವೇ ಆರಿಸುವ ವಿಷಯಕ್ಕೆ, ಕನ್ನಡ ಸಾಹಿತ್ಯ ತಗೊಳ್ಳುವ ಆಲೋಚನೆ ಉಂಟಾದ್ರೆ ಧೈರ್ಯವಾಗಿ ತಗೋ, 2016ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲ ರ‍್ಯಾಂಕ್ ಬಂದ ಕೋಲಾರದ ನಂದಿನಿ ಕೆ.ಆರ್. ಅವರ ಆಪ್ಷನಲ್ ಕನ್ನಡ ಸಾಹಿತ್ಯವೇ.

ಈಗ ಮನೆಯಲ್ಲಿ ಕೂತು ಎಂತ ಮಾಡುದು ಅಂತ ಹೇಳ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟು ಕಡಲಿಗೆ ಇಳಿಯುದಿಲ್ಲ ಅಲ್ವಾ, ಅಪ್ಪ ಮನೆಯಲ್ಲೋ ದಕ್ಕೆಯಲ್ಲೋ ಬಲೆ ರಿಪೇರಿ ಮಾಡ್ತಾ ಕೂತಿರ್ತಾರೆ. ಅವರ ಪಕ್ಕ ಒಂದು ನೋಟ್‌ಬುಕ್ ಹಿಡ್ಕೊಂಡು ಕೂತ್ಕೋ. ಈ ರಜೆ ಯಾಕೆ ಅಂತ ಕೇಳು, ಮರಿ ಮೀನಿನ ಕಾಲ ಅಂತ ಹೇಳ್ತಾರೆ. ಲೈಟ್ ಹಾಕಿ ಹಿಡಿಯುದ್ರಿಂದ, ಬುಲ್ ಟ್ರಾಲಿಂಗ್‌ನಿಂದ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುದು) ಸಣ್ಣ ದೋಣಿಯವರಿಗೆ ಎಂತ ಆಯ್ತು ಕೇಳು, ಡೀಸೆಲ್ ಸಬ್ಸಿಡಿ ಹೇಗೆ ಬರ್ತದೆ, ಐಸ್ ಪ್ಲಾಂಟಿಗೆ ಎಷ್ಟು ಕೊಡ್ಬೇಕು, ಬಂಗುಡೆ ಬೂತಾಯಿ ಮೊದಲಿನಷ್ಟು ಸಿಗ್ತದಾ ಕೇಳು. ಆಮೇಲೆ ಒಳಗೆ ಹೋಗಿ ಮೊಬೈಲಲ್ಲಿ 11 ನಿಮಿಷ ಅಲಾರಾಂ ಇಟ್ಟು 'ಕರಾವಳಿ ಮೀನುಗಾರರ ಜೀವನೋಪಾಯ ಮತ್ತು ಸಾಗರ ಸಂಪತ್ತಿನ ಸಂರಕ್ಷಣೆ' ಅಂತ 250 ಪದ ಬರಿ. ಕೇಂದ್ರದ್ದು 2020ರ ಮತ್ಸ್ಯ ಸಂಪದ ಯೋಜನೆ ಉಂಟಲ್ಲ, ಅದನ್ನು ಕೊನೆಗೆ ಸೇರಿಸು. ಮೊದಲ ದಿನ 90 ಪದ ಆಗುವಾಗ ಅಲಾರಾಂ ಹೊಡೀತದೆ. ಮಳೆಗಾಲದ ಥಂಡಿಗೆ ಹಾಳೆ ಮೆತ್ತಗಾಗಿ ಜೆಲ್ ಪೆನ್ನಿನ ಶಾಯಿ ಹರಡ್ತದೆ, ಬಾಲ್ ಪೆನ್ ತಗೋ, ಒತ್ತಕ್ಷರ ಬೇಗ ಬರೆಯುವಾಗ ಮೇಲಿನ ಗೆರೆಯದ್ದು ಕೆಳಗಿನದಕ್ಕೆ ತಾಗ್ತದೆ, ಒಂದು ಗೆರೆ ಬಿಟ್ಟು ಬರಿ. ಸಣ್ಣ ವಿಷಯ ಅಂತ ಅನ್ನಿಸ್ಬಹುದು, ಆದ್ರೆ ನೋಡುವವರಿಗೆ ಅಕ್ಷರ ಓದ್ಲಿಕ್ಕೇ ಆಗದಿದ್ರೆ ಉತ್ತರ ಎಷ್ಟು ಒಳ್ಳೇದಿದ್ರೂ ಏನು ಪ್ರಯೋಜನ ಹೇಳು.

ನಿನ್ನದು ಬಿಕಾಂ ಅಲ್ವಾ, ನಮ್ಮ ಊರೇ ಬ್ಯಾಂಕುಗಳ ತೊಟ್ಟಿಲು. ಮಂಗಳೂರಿನ ಕೆನರಾ, ಉಡುಪಿಯ ಕಾರ್ಪೊರೇಷನ್ ಎರಡೂ ಹುಟ್ಟಿದ್ದು 1906ರಲ್ಲಿ, ಉಡುಪಿಯಲ್ಲೇ ಸಿಂಡಿಕೇಟ್ 1925ರಲ್ಲಿ, ಮಂಗಳೂರಲ್ಲಿ ವಿಜಯಾ 1931ರಲ್ಲಿ. ಕೆನರಾ ಸಿಂಡಿಕೇಟ್ 1969ರಲ್ಲಿ ರಾಷ್ಟ್ರೀಕರಣ ಆದವು, ಉಳಿದೆರಡು 1980ರಲ್ಲಿ. 2019 ಮತ್ತು 2020ರ ವಿಲೀನದಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಮೂರರ ಹೆಸರೂ ಹೋಯ್ತು. ದಿನಾ ಅಂಗಡಿ ಬಾಗಿಲಿಗೆ ಬಂದು ಎರಡು ಕಾಸು ತಗೊಂಡು ಹೋಗುವ ಪಿಗ್ಮಿ ಶುರು ಮಾಡಿದ್ದು ಸಿಂಡಿಕೇಟ್‌ನವರು, 1928ರಲ್ಲಿ. ಬಡವರ ಉಳಿತಾಯ, ರಾಷ್ಟ್ರೀಕರಣ, ವಿಲೀನ, ಜನರಲ್ ಸ್ಟಡೀಸ್‌ನ ಅರ್ಥಶಾಸ್ತ್ರಕ್ಕೆ ಬೇಕಾದ ಮೂರು ವಿಷಯವೂ ನಿನ್ನ ಮನೆ ಹತ್ರದ ಬ್ಯಾಂಕಿನ ಬೋರ್ಡಿನಲ್ಲೇ ಉಂಟು. ಸಂವಿಧಾನ ಓದುವಾಗಲೂ ನೆನಪಿಟ್ಕೋ, ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಐಸಿಎಸ್ (ಬ್ರಿಟಿಷರ ಕಾಲದ ಸಿವಿಲ್ ಸರ್ವಿಸ್) ಅಧಿಕಾರಿ ಬೆನೆಗಲ್ ನರಸಿಂಗ ರಾವ್ 1887ರಲ್ಲಿ ಹುಟ್ಟಿದ್ದು ಮಂಗಳೂರಲ್ಲಿ.

ಒಂದು ವರ್ಷದಲ್ಲಿ 300 ಉತ್ತರ ಬರೆದು ಮುಗಿಸು. ಆಮೇಲೂ ದಿಲ್ಲಿ ಬೇಕು ಅಂತ ಅನ್ನಿಸಿದ್ರೆ ಯಾವ ವಿಷಯಕ್ಕೆ ಬೇಕು ಅಂತ ನಿನಗೇ ಗೊತ್ತಿರ್ತದೆ, ಅಷ್ಟಕ್ಕೆ ಮಾತ್ರ ದುಡ್ಡು ಹಾಕಿದ್ರೆ ಸಾಕು. ಪ್ರಿಲಿಮ್ಸ್‌ಗೆ ಹುಡುಗಿಯರಿಗೆ ಅರ್ಜಿ ಫೀಸೂ ಇಲ್ಲ.

ಪ್ರಶ್ನೆ: ಬೈಕಂಪಾಡಿಯಲ್ಲಿ ಕೆಲಸ, ಕಾಪುವಿನಿಂದ ದಿನಾ ಬಸ್ಸಲ್ಲಿ ಓಡಾಟ. ಬೆಳಿಗ್ಗೆ 8ಕ್ಕೆ ಹೊರಟ್ರೆ ಮನೆ ಸೇರುವಾಗ ರಾತ್ರಿ 7.30. ಕೆಲಸ ಬಿಟ್ಟು ಓದ್ಲಾ? ಈ ವರ್ಷ ಸುಮ್ಮನೆ ಒಂದ್ಸಲ ಬರೆದು ನೋಡುವ ಅಂತಲೂ ಉಂಟು.
- ಓದುಗ, ಕಾಪು

ಉತ್ತರ: ಬಿಡ್ಬೇಡಿ. ಬೆಳಿಗ್ಗೆ 5ರಿಂದ 7ರವರೆಗೆ ಎರಡು ಗಂಟೆ, ಬಸ್ಸಲ್ಲಿ ಪೇಪರ್, ಭಾನುವಾರ ಇಡೀ ದಿನ, ಇಷ್ಟನ್ನು ಆರು ತಿಂಗಳು ತಪ್ಪದೆ ಮಾಡಿ ನೋಡಿ, ಆಮೇಲೆ ರಾಜೀನಾಮೆ ಮಾತು. ಸಂಬಳ ನಿಂತ ಮನೆಯಲ್ಲಿ ಓದ್ಲಿಕ್ಕೆ ಕೂತ್ರೆ ತಲೆಯಲ್ಲಿ ಬೇರೆಯೇ ಲೆಕ್ಕ ಓಡ್ತಾ ಇರ್ತದೆ. ಮತ್ತೆ ಸುಮ್ಮನೆ ಬರೆದು ನೋಡುದು ಅಂತ ಮಾಡ್ಲೇಬೇಡಿ, ಪ್ರಿಲಿಮ್ಸ್‌ನ ಒಂದು ಪೇಪರಿಗೆ ಕೂತ್ರೂ ಒಂದು ಅಟೆಂಪ್ಟ್ ಹೋಯ್ತು, ಜನರಲ್‌ನವರಿಗೆ ಇರುದೇ 6, ಒಬಿಸಿಯವರಿಗೆ 9. ಅರ್ಜಿ ಹಾಕಿ ಹೋಗದಿದ್ರೆ ಲೆಕ್ಕಕ್ಕಿಲ್ಲ. ನಿಮ್ಮ ಕಾಪು ಹತ್ರದ ಪಾದೂರಲ್ಲಿ ನೆಲದಡಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ಇಡುವ ಜಾಗ ಮಾಡಿದ್ದಾರೆ, ಮಂಗಳೂರಲ್ಲಿ 15 ಲಕ್ಷ ಟನ್ನಿನದ್ದು. ಅದು ಯಾಕೆ ಬೇಕು ಅಂತ ಇವತ್ತು ಬಸ್ಸಲ್ಲಿ ಓದಿ, ಮೊದಲ ಉತ್ತರ ಅದೇ ಆಗ್ಲಿ.

ಪ್ರಶ್ನೆ: ನಾನು ಬಿಎ ವಿದ್ಯಾರ್ಥಿ, ಲೆಕ್ಕ ಅಂದ್ರೆ ಹೆದರಿಕೆ. ಪ್ರಿಲಿಮ್ಸ್‌ನ ಎರಡನೇ ಪೇಪರ್ ಸಿಸ್ಯಾಟ್ ಬರೀ ಪಾಸಾದ್ರೆ ಸಾಕಲ್ವಾ, ಕೊನೆಯ ತಿಂಗಳಲ್ಲಿ ನೋಡಿದ್ರೆ ಆಗ್ತದಾ?
- ಓದುಗ, ಬ್ರಹ್ಮಾವರ

ಉತ್ತರ: ಆಗುದಿಲ್ಲ. ಜನರಲ್ ಸ್ಟಡೀಸ್‌ನಲ್ಲಿ ಚೆನ್ನಾಗಿ ಮಾಡಿ ಸಿಸ್ಯಾಟ್‌ನಲ್ಲಿ ಬಿದ್ದು ಮನೆಗೆ ಬಂದ ಮಕ್ಕಳ ಮುಖ ನೋಡ್ಲಿಕ್ಕೆ ಆಗುದಿಲ್ಲ ನನಗೆ. 80 ಪ್ರಶ್ನೆ, 200 ಮಾರ್ಕ್ಸು, 33 ಪರ್ಸೆಂಟ್ ಬೇಕು, ಒಂದಕ್ಕೆ ಎರಡೂವರೆ. ಒಂದೂ ತಪ್ಪಿಲ್ಲದೆ 27 ಸರಿ ಮಾಡಿದ್ರೆ 67.5, ಪಾಸು. ಆದ್ರೆ ಪ್ರತಿ ತಪ್ಪಿಗೆ ಮೂರನೇ ಒಂದು ಭಾಗ ಕಟ್, ಹಾಗಾಗಿ ಕಣ್ಮುಚ್ಚಿ ಗುರುತು ಹಾಕುವ ಹಾಗಿಲ್ಲ. ನಿಮಗೆ ಲೆಕ್ಕದ ಹೆದರಿಕೆ ಇದ್ರೆ ಪ್ಯಾಸೇಜ್ ಓದಿ ಉತ್ತರಿಸುವ ಪ್ರಶ್ನೆಗಳೇ ಆಧಾರ, ಅದು ಇಂಗ್ಲಿಷ್‌ನಲ್ಲಿ ಓದ್ಬೇಕು, ಅದಕ್ಕೇ ಈಗಿಂದಲೇ ಶುರು ಮಾಡಿ. ಪರ್ಸೆಂಟೇಜ್, ಸರಾಸರಿ, ಅನುಪಾತ, ವೇಗ-ಸಮಯ ಈ ನಾಲ್ಕನ್ನು ಹೈಸ್ಕೂಲ್ ಪುಸ್ತಕದಿಂದಲೇ ಕಲೀರಿ. ಇನ್ನೊಂದು, ಈ ಪೇಪರ್ ಇರುದು ಮಧ್ಯಾಹ್ನ 2.30ಕ್ಕೆ. ವಾರಕ್ಕೊಂದು ದಿನ ಗಂಜಿ ಊಟ ಮುಗಿಸಿ, ನಿದ್ದೆ ಎಳೀತಾ ಇದ್ರೂ ಸರಿಯಾಗಿ 2.30ಕ್ಕೆ ಕೂತು ಹಳೇ ಪೇಪರ್ ಮಾಡಿ, ಆ ಹೊತ್ತಿಗೆ ತಲೆ ಓಡ್ಲಿಕ್ಕೆ ಅಭ್ಯಾಸ ಆಗ್ಬೇಕು.

ಪ್ರಶ್ನೆ: ನನ್ನ ಮಗನಿಗೆ 30 ವರ್ಷ. ಯುಪಿಎಸ್‌ಸಿ 5 ಸಲ ಬರೆದ, ಎರಡು ಸಲ ಮೇನ್ಸ್‌ವರೆಗೆ ಹೋದ, ಇನ್ನೊಂದೇ ಚಾನ್ಸ್ ಉಂಟಂತೆ. ಮೊದಲು ಎಲ್ಲರ ಹತ್ರ ನಗ್ತಾ ಮಾತಾಡ್ತಿದ್ದವ ಈಗ ಮದುವೆ ಮುಂಜಿಗೆ ಬರುದಿಲ್ಲ, ರೂಮಿನ ಬಾಗಿಲು ಹಾಕ್ಕೊಳ್ತಾನೆ, ರಾತ್ರಿ ಲೈಟ್ ಉರೀತಾ ಇರ್ತದೆ. ಸಾಕು ಬಿಡು ಅಂತ ಹೇಳ್ಲಾ, ಬೇಡ್ವಾ?
- ಒಬ್ಬ ತಾಯಿ, ಉಡುಪಿ

ಉತ್ತರ: ಅಕ್ಕ, ನಿಮ್ಮ ಪತ್ರ ನಾನು ಮೂರ್ನಾಲ್ಕು ಸಲ ಓದಿದೆ. ಸಾಕು ಬಿಡು ಅಂತ ನೀವು ಹೇಳ್ಬೇಡಿ, ಆ ಮಾತು ಅವನ ಬಾಯಿಂದಲೇ ಬರ್ಬೇಕು, ಇಲ್ಲದಿದ್ರೆ ಅಮ್ಮ ಬಿಡಿಸಿದ್ದು ಅಂತ ಜೀವಮಾನ ಇಡೀ ಉಳೀತದೆ. ಆದ್ರೆ ಈ ಲೆಕ್ಕ ಅವನಿಗೆ ಗೊತ್ತಿದ್ರೂ ನಿಮಗೆ ಗೊತ್ತಿರ್ಲಿ ಅಂತ ಹೇಳ್ತೇನೆ: 2023ರಲ್ಲಿ 10 ಲಕ್ಷಕ್ಕೂ ಮೇಲೆ ಅರ್ಜಿ ಹಾಕಿದ್ರು, ಪರೀಕ್ಷೆಗೆ ಕೂತವರು ಸುಮಾರು 5.9 ಲಕ್ಷ, ಮೇನ್ಸ್‌ಗೆ ಹೋದವರು 14,624, ಕೊನೆಗೆ ಆಯ್ಕೆ ಆದದ್ದು 1,016. ನಿಮ್ಮ ಮಗ ಎರಡು ಸಲ ಮೇನ್ಸ್ ಬರೆದವ, ಅಂದ್ರೆ ದಡ್ಡ ಅಲ್ಲ, ಸೋಮಾರಿಯೂ ಅಲ್ಲ. ನಾನೂ ಇಂಟರ್‌ವ್ಯೂವರೆಗೆ ಹೋಗಿ ಹೆಸರಿಲ್ಲದೆ ಬಂದವಳು, ಲಿಸ್ಟ್ ಬಂದ ದಿನ ನಮ್ಮಮ್ಮ ಒಂದು ಮಾತೂ ಆಡದೆ ಬೆನ್ನು ಸವರಿ, ಎದುರಿಗೆ ನೀರುದೋಸೆ ತಂದಿಟ್ಟದ್ದು ಬಿಟ್ರೆ ಆ ದಿನದ ಬೇರೆ ಏನೂ ನನಗೆ ನೆನಪಿಲ್ಲ.

ಕೊನೆಯ ಚಾನ್ಸ್ ಬರೀಲಿ, ಆದ್ರೆ ಅದೊಂದನ್ನೇ ನೆಚ್ಚಿಕೊಂಡು ಬೇಡ. ಅವನು ಓದಿದ್ದೇ ನಮ್ಮ ರಾಜ್ಯದ ಕೆಎಎಸ್ ಪರೀಕ್ಷೆಗೂ ಆಗ್ತದೆ, ಅಲ್ಲಿ ಪ್ರಿಲಿಮ್ಸ್ ಪ್ರಶ್ನೆ ಕನ್ನಡದಲ್ಲೂ ಇರ್ತದೆ, ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಅಂತ ಬೇರೆ ಪರೀಕ್ಷೆಗಳೂ ಉಂಟು. ಈ ಒಂದು ವರ್ಷ ವಾರಕ್ಕೆ ಎರಡು ದಿನವಾದ್ರೂ ಚಿಕ್ಕ ಮಕ್ಕಳಿಗೆ ಪಾಠ ಹೇಳ್ಲಿ, ಕೈಗೆ ಸ್ವಲ್ಪ ದುಡ್ಡು ಬರ್ತದೆ, ಅದಕ್ಕಿಂತ ಹೆಚ್ಚಾಗಿ ನಾಲ್ಕು ಜನರ ಮುಖ ನೋಡಿ ಮಾತಾಡಿದ ಹಾಗಾಗ್ತದೆ. ಮನೆಯಲ್ಲಿ ಕೂತು ಸಾಕಾಗಿದ್ರೆ ಅಜ್ಜರಕಾಡಿನ ಲೈಬ್ರರಿಗೆ ಹೋಗ್ಲಿ, ಅವನ ಹಾಗೆ ಓದುವವರು ಅಲ್ಲಿ ಇನ್ನೂ ಸಿಗ್ತಾರೆ. ನಿದ್ದೆ ಬಾರದೆ, ಊಟ ಬಿಟ್ಟು, ಬದುಕೇ ಬೇಡ ಅನ್ನುವ ಹಾಗೆ ಮಾತಾಡಿದ್ರೆ ಒಂದು ದಿನವೂ ಕಾಯ್ಬೇಡಿ, ಟೆಲಿ ಮನಸ್ ಅಂತ ಮನಸ್ಸಿನ ಆರೋಗ್ಯಕ್ಕೆ ಸರಕಾರದ್ದೇ ಸಹಾಯದ ಫೋನ್ ನಂಬರ್ ಉಂಟು, 14416, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ತಾರೆ, ನೀವೂ ಮಾಡ್ಬಹುದು.

ಮತ್ತೆ ಮದುವೆ ಮನೆಯಲ್ಲಿ ಯಾರಾದ್ರೂ ಮಗ ಎಂತ ಮಾಡ್ತಾನೆ ಅಂತ ಕೇಳಿದ್ರೆ 'ಓದ್ತಾ ಇದ್ದಾನೆ' ಅಂತ ತಲೆ ಎತ್ತಿ ಹೇಳಿ, ಅವನ ಕಿವಿಗೆ ಅದು ಬೀಳ್ತದೆ. ಪ್ರಿಲಿಮ್ಸ್ ಬರೆದು ಬಂದ ಸಂಜೆ ಎಷ್ಟು ಸರಿ ಆಯ್ತು ಅಂತ ಕೇಳ್ಬೇಡಿ, ಅವನ ಅಪ್ಪನಿಗೂ ಹೇಳಿಡಿ. ಸ್ನಾನಕ್ಕೆ ಬಿಸಿನೀರು ಕಾಯಿಸಿಡಿ, ಊಟ ಹಾಕಿ, ಮಲಗ್ಲಿಕ್ಕೆ ಬಿಡಿ.